ನಿರ್ಜನ ಎಂಬ ಸುಳ್ಳು

ಕಳೆದ ಫೆಬ್ರವರಿಯಲ್ಲಿ ನಾವು ನಾಲ್ವರು ಗೆಳೆಯರು ಅಮೆರಿಕದ ಮಿಶಿಗನ್ ರಾಜ್ಯದ ಉತ್ತರ ತುದಿಯಲ್ಲಿರುವ ಕೀವನಾ ಪರ್ಯಾಯ ದ್ವೀಪಕ್ಕೆ ಹೋಗಿ, ಎರಡು ಸ್ನೋಮೊಬೈಲ್ ಬಾಡಿಗೆಗೆ ಹಿಡಿದು ಎರಡು ದಿನ ಕಾಡು ಸುತ್ತಿದೆವು. ಮೊದಲ ರಾತ್ರಿಯೇ ಊರಿನ ಗೆಳೆಯರಿಗೆ ಫೋಟೋ ಕಳಿಸಿ, ‘ಮನುಷ್ಯರ ಸುಳಿವೇ ಇಲ್ಲದ ಕಾಡು’ ಎಂದು ಬರೆದೆ. ಆ ಸಾಲನ್ನು ಈಗ ವಾಪಸು ತೆಗೆದುಕೊಳ್ಳುತ್ತಿದ್ದೇನೆ. ನಮ್ಮ ಪ್ರವಾಸ ಕಥನಗಳೂ ಅದನ್ನು ವಾಪಸು ತೆಗೆದುಕೊಳ್ಳಬೇಕು ಎಂಬುದು ನನ್ನ ವಾದ.

ಹಿಮ ಸುಳ್ಳಲ್ಲ. ಸುಪೀರಿಯರ್ ಸರೋವರದ ಮೇಲಿಂದ ಬೀಸುವ ಗಾಳಿ ಅಲ್ಲಿ ಹಿಮವನ್ನು ಸುರಿದು ಹೋಗುತ್ತದೆ. 1978-79ರ ಒಂದೇ ಚಳಿಗಾಲದಲ್ಲಿ 390.4 ಇಂಚು ಬಿದ್ದಿತ್ತು. ಹೆಲ್ಮೆಟ್ಟಿನೊಳಗೆ ಉಸಿರು ಮಂಜುಗಟ್ಟುತ್ತಿತ್ತು. ಇಂಜಿನ್ ಆರಿಸಿದ ಕೂಡಲೇ ಕವಿಯುವ ಮೌನಕ್ಕೆ ಯಾರಾದರೂ ಮರುಳಾಗುತ್ತಾರೆ, ನಾನೂ ಆದೆ.

ಎರಡನೆಯ ದಿನ ಪೆಟ್ರೋಲ್ ಹಾಕಿಸುವಾಗ, ರಾತ್ರಿಯೆಲ್ಲ ಯಂತ್ರ ಓಡಿಸಿ ಹಿಮದ ದಾರಿಯನ್ನು ಸಮ ಮಾಡುವ ಕೆಲಸದ ಹಿರಿಯರೊಬ್ಬರು ಸಿಕ್ಕರು. ‘ಕಾಡಿನ ನಡುವೆ ದಾರಿ ಇಷ್ಟು ನೇರ ಹೇಗೆ?’ ಎಂದು ಗೆಳತಿ ಕೇಳಿದಳು. ‘ಅದು ರೈಲು ಹಾದಿ. ಹಳಿ ಕಿತ್ತರು, ಏರಿ ಉಳಿಯಿತು’ ಎಂದರು. ನನಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ. ಸಂಶೋಧನೆ ಮಾಡುವವರ ಕಥೆ ಇದು!

1840ರ ದಶಕದಿಂದ ಇಲ್ಲಿ ತಾಮ್ರ ಅಗೆದರು. ಗಣಿಗೆ ಆಸರೆಯಾಗಿ ನಿಲ್ಲಿಸಲು ಮರ ಕಡಿದರು. ನಾನು ‘ಆದಿಮ’ ಎಂದುಕೊಂಡ ಕಾಡಿನ ಬಹುಭಾಗ ಆಮೇಲೆ ಬೆಳೆದದ್ದು. ಕ್ಯಾಲುಮೆಟ್ ಊರಲ್ಲಿ ಒಂಟಿ ಕಮಾನೊಂದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡಿದ್ದೆವು. ಅದು ಇಟಾಲಿಯನ್ ಹಾಲ್ ಎಂಬ ಕಟ್ಟಡದ ಬಾಗಿಲು. 1913ರ ಕ್ರಿಸ್‌ಮಸ್ ಹಿಂದಿನ ದಿನ, ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಕುಟುಂಬಗಳು ಅಲ್ಲಿ ಸೇರಿದ್ದಾಗ ಯಾರೋ ‘ಬೆಂಕಿ’ ಎಂದು ಕೂಗಿದರು. ಬೆಂಕಿ ಇರಲಿಲ್ಲ. ಮೆಟ್ಟಿಲ ಮೇಲಿನ ನೂಕುನುಗ್ಗಲಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. 1984ರಲ್ಲಿ ಕಟ್ಟಡ ಕೆಡವಿ ಬಾಗಿಲನ್ನಷ್ಟೇ ಉಳಿಸಿದರು.

ಅದಕ್ಕೂ ಮೊದಲು ಈ ನೆಲ ಒಜಿಬ್ವೆ ಜನರದು. 1842ರ ಲಾ ಪಾಯಿಂಟ್ ಒಪ್ಪಂದದಲ್ಲಿ ಅದು ಅವರ ಕೈಬಿಟ್ಟಿತು. ಆದರೆ ಅವರು ಎಲ್ಲಿಗೂ ಹೋಗಿಲ್ಲ, ಅದೇ ಕೊಲ್ಲಿಯ ದಡದಲ್ಲಿ ಇವತ್ತೂ ಇದ್ದಾರೆ. ಕೀವನಾ ಎಂಬ ಹೆಸರೂ ಅವರದೇ. ನೆಲದ ಚಾಚನ್ನು ನಡೆದು ದಾಟುವ ಜಾಗ ಎಂಬ ಅರ್ಥ ಹೇಳುತ್ತಾರೆ. ಹೆಸರಲ್ಲೇ ಜನ ನಡೆದಾಡುತ್ತಿರುವ ಜಾಗವನ್ನು ನಾನು ನಿರ್ಜನ ಎಂದೆ.

‘ಪ್ರವಾಸ ಕಥನ ಇತಿಹಾಸದ ಪಠ್ಯವಲ್ಲ, ಖುಷಿಯನ್ನು ಖುಷಿಯಾಗಿ ಬರೆಯಲು ಬಿಡಿ’ ಎನ್ನುವವರಿದ್ದಾರೆ. ಬರೆಯಿರಿ, ನನ್ನ ಖುಷಿಯೂ ಕಮ್ಮಿಯಾಗಿಲ್ಲ. ಆದರೆ ‘ನಿರ್ಜನ’ ಬರೀ ವಿಶೇಷಣವಲ್ಲ, ಅದಕ್ಕೆ ಕೆಲಸವಿದೆ. ನಾಗರಹೊಳೆಯಿಂದ ಜೇನುಕುರುಬರನ್ನು ಒಕ್ಕಲೆಬ್ಬಿಸಿದ್ದು ಕಾಡೆಂದರೆ ಜನ ಇರಬಾರದ ಜಾಗ ಎಂಬ ನಂಬಿಕೆಯಿಂದಲೇ. ಆ ನಂಬಿಕೆಗೆ ನೀರೆರೆದವರು ಅಧಿಕಾರಿಗಳಷ್ಟೇ ಅಲ್ಲ. ಸಫಾರಿ ಮುಗಿಸಿ ಬಂದು ‘ಕನ್ನೆಕಾಡು’ ಎಂದು ಬರೆದ ನಾವೂ ಹೌದು. ಬರಹದಲ್ಲಿ ಇಲ್ಲದವರನ್ನು ನೆಲದಿಂದ ಎಬ್ಬಿಸುವುದು ಸುಲಭ.

ಆದ್ದರಿಂದ ಸಾಹಿತ್ಯದ ಗೆಳೆಯರಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಕಾಡಿಗೆ ಹೋದಾಗ, ಆ ಪದ ಬರೆಯುವ ಮೊದಲು, ನೀವು ಬಂದ ದಾರಿ ಮಾಡಿದವರು ಯಾರು ಎಂದು ಅಲ್ಲಿಯವರನ್ನು ಕೇಳಿ. ಕೇಳಲು ಅಲ್ಲಿ ಯಾರಾದರೂ ಇದ್ದೇ ಇರುತ್ತಾರೆ.