ಗರ್ಹೂದಿನಲ್ಲಿ ನಾನು ನೋಡದೇ ಬಿಟ್ಟ ಫೈನಲ್



ರೋಜರ್ ಫೆಡರರ್ ಆಟವನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬುದು ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ದಿನಗಳಿಂದ ನನಗಿದ್ದ ಆಸೆ. ಸೆಮಿಸ್ಟರ್ ಪರೀಕ್ಷೆ ತಲೆಯ ಮೇಲಿದ್ದರೂ ಟಿವಿ ಮುಂದೆ ಕೂತು ವಿಂಬಲ್ಡನ್ ನೋಡಿದವನು ನಾನು. ಆ ಆಸೆ ತೀರಿದ್ದು 2014ರ ಮಾರ್ಚ್ 1ರಂದು, ದುಬೈನ ಗರ್ಹೂದ್ ಟೆನಿಸ್ ಸ್ಟೇಡಿಯಂನಲ್ಲಿ. ಎದುರಾಳಿ ಬರ್ಡಿಚ್. ಫೆಡರರ್ ಮೊದಲ ಸೆಟ್ ಸೋತಾಗ, "ಇಷ್ಟು ದುಡ್ಡು ಕೊಟ್ಟು ಬಂದದ್ದು ಇದಕ್ಕಾ?" ಅನ್ನಿಸಿದ್ದು ನಿಜ. ಕೊನೆಗೆ 3-6, 6-4, 6-3ರಲ್ಲಿ ಗೆದ್ದರು. ಗಂಟಲು ಕಟ್ಟಿಹೋಗಿತ್ತು.

ಟಿವಿಯಲ್ಲಿ ನೋಡಿದ್ದು ಅರ್ಧ ಆಟ ಮಾತ್ರ ಅಂತ ಅವತ್ತು ಗೊತ್ತಾಯಿತು. ಕ್ಯಾಮೆರಾ ಮೇಲಿನಿಂದ ತೋರಿಸುವುದರಿಂದ ಚೆಂಡು ನೆಟ್ ಮೇಲೆ ಎಷ್ಟು ಎತ್ತರ ಹಾಯುತ್ತದೆ, ಬಿದ್ದ ಮೇಲೆ ಹೇಗೆ ಪುಟಿಯುತ್ತದೆ ಎಂಬುದು ಅದರಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ವೇಗವಂತೂ ಬಿಡಿ. ಸುಮಾರು ಐದು ಸಾವಿರ ಜನ ಹಿಡಿಯುವ ಸಣ್ಣ ಸ್ಟೇಡಿಯಂ ಅದು. ಮಧ್ಯೆ ಮಧ್ಯೆ ಪಕ್ಕದ ಏರ್‌ಪೋರ್ಟಿನ ವಿಮಾನದ ಸದ್ದು. ಅದರ ನಡುವೆಯೂ ನನ್ನ ಕಣ್ಣು ಚೆಂಡಿನ ಮೇಲಲ್ಲ, ಫೆಡರರ್ ಕಾಲುಗಳ ಮೇಲಿತ್ತು.

ಆದರೆ ನಾನು ಹೇಳಹೊರಟಿದ್ದು ಫೆಡರರ್ ಬಗ್ಗೆ ಅಲ್ಲ.

ಆಗ ಇಲ್ಲಿ ಶುಕ್ರವಾರ, ಶನಿವಾರ ರಜೆ. ಭಾನುವಾರ ಆಫೀಸಿಗೆ ಹೋಗಿ ಎಲ್ಲರ ಮುಂದೆ ಫೋಟೋ ತೋರಿಸುತ್ತಾ ಕೊಚ್ಚಿಕೊಳ್ಳುತ್ತಿದ್ದೆ. ಪಕ್ಕದ ಸೀಟಿನ ಲಾಹೋರಿನ ಗೆಳೆಯ ಕೇಳಿದ: "ಡಬಲ್ಸ್ ನೋಡಿದೆಯಾ? ನಮ್ಮ ಕುರೇಶಿ, ನಿಮ್ಮ ಬೋಪಣ್ಣ ಗೆದ್ದರಲ್ಲ!" ನನಗೆ ಗೊತ್ತೇ ಇರಲಿಲ್ಲ. ಟೂರ್ನಿಯ ವೇಳಾಪಟ್ಟಿಯಲ್ಲಿ ಡಬಲ್ಸ್ ಎಂದು ಬರೆದ ಕಡೆ ನಾನು ಕಣ್ಣೇ ಹಾಯಿಸಿರಲಿಲ್ಲ. ಕೊಡಗಿನ ಕಾಫಿ ತೋಟದ ಮನೆಯಲ್ಲಿ ಬೆಳೆದ ರೋಹನ್ ಬೋಪಣ್ಣ ನನ್ನ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಪ್ರಶಸ್ತಿ ಗೆದ್ದಿದ್ದರು. ಅದನ್ನು ನನಗೆ ತಿಳಿಸಲು ಲಾಹೋರಿನವನೇ ಬೇಕಾಯಿತು!

ಆಮೇಲೆ ಹುಡುಕಿ ನೋಡಿದರೆ, 2012ರಲ್ಲೂ ಮಹೇಶ್ ಭೂಪತಿ ಜೊತೆ ಇಲ್ಲೇ ಗೆದ್ದಿದ್ದರು. 2015ರಲ್ಲಿ ಕೆನಡಾದ ನೆಸ್ಟರ್ ಜೊತೆ ಮೂರನೇ ಸಲ. ತಮಾಷೆಯೆಂದರೆ, ಆ ಮೂರೂ ವರ್ಷ ಸಿಂಗಲ್ಸ್ ಗೆದ್ದದ್ದು ಫೆಡರರ್. ಎಲ್ಲರ ಕಣ್ಣೂ ಅತ್ತಲೇ ಇದ್ದುದರಲ್ಲಿ ಆಶ್ಚರ್ಯವೇನು?

2015ರ ಡಬಲ್ಸ್ ಫೈನಲ್‌ಗೆ ಮಾತ್ರ ಹಟ ಹಿಡಿದು ಹೋದೆ, ಲಾಹೋರಿನ ಗೆಳೆಯನನ್ನೂ ಎಳೆದುಕೊಂಡು. ಹಿಂದಿನ ವರ್ಷ ಜೊತೆಗಾರರಾಗಿದ್ದ ಕುರೇಶಿ ಈ ಸಲ ಎದುರು ಬದಿಯಲ್ಲಿ! ಡಬಲ್ಸ್ ಅಂದರೆ ಬೇರೆಯೇ ಆಟ ಸ್ವಾಮಿ. ನೆಟ್ ಹತ್ತಿರ ನಾಲ್ವರು ನಿಂತಾಗ ಯೋಚಿಸಲು ಸಮಯವೇ ಇರುವುದಿಲ್ಲ. ಕೈ ಮೊದಲು ಹೋಗುತ್ತದೆ, ತಲೆ ಆಮೇಲೆ. ಬೋಪಣ್ಣನವರ ಸರ್ವಿಸ್ ಸದ್ದು ಇನ್ನೂ ಕಿವಿಯಲ್ಲಿದೆ. ನಾನು ಕನ್ನಡದಲ್ಲೇ ಕೂಗಿದೆ. ಅವರಿಗೆ ಕೇಳಿಸಿತೋ ಇಲ್ಲವೋ, ನಮ್ಮ ಸಾಲಿನಲ್ಲಿ ಇನ್ನೊಂದು ಕನ್ನಡದ ದನಿ ಮಾತ್ರ ಕೇಳಲಿಲ್ಲ. ಬೋಪಣ್ಣ ಜೋಡಿ ಗೆದ್ದಿತು, ಗೆಳೆಯ ಕರಕ್ ಚಹಾ ಕೊಡಿಸಿದ.

ನನ್ನ ತಕರಾರು ಇಷ್ಟೇ. ಫೆಡರರ್ ಆಟವನ್ನು ಅರ್ಧಂಬರ್ಧವಾದರೂ ಟಿವಿ ನಮಗೆ ತೋರಿಸುತ್ತಲೇ ಇತ್ತು. ಡಬಲ್ಸ್ ಅನ್ನು ಅದು ತೋರಿಸುವುದೇ ಅಪರೂಪ. ಹಾಗಿದ್ದ ಮೇಲೆ ಟಿಕೆಟ್ ಕೊಂಡು ನೋಡಬೇಕಾದದ್ದು ಯಾವುದನ್ನು? ರಾಜ್ಯೋತ್ಸವಕ್ಕೆ ಸಿನಿಮಾ ನಟರು ಬಂದರೆ ಫೋಟೋಗೆ ಮುಗಿಬೀಳುವ ನಾವು (ನಾನೂ ಬಿದ್ದಿದ್ದೇನೆ), ಮೂರು ಸಲ ಇಲ್ಲೇ ಗೆದ್ದವರನ್ನು ಗುರುತಿಸಲಿಲ್ಲ. ಭಾಷೆ ನೋಡಿ ಚಪ್ಪಾಳೆ ತಟ್ಟಬೇಕೇ ಎಂದು ಕೆಲವರು ಕೇಳಬಹುದು. ಬೇಡ, ಆಟ ನೋಡಿಯೇ ತಟ್ಟಿ. ಆದರೆ ನೋಡಲು ಹೋಗಬೇಕಲ್ಲ! 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಅವರು ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ನಂಬರ್ ಒನ್ ಆದಾಗ ನಮ್ಮ ಮನೆಮನೆಯಲ್ಲೂ ಅವರದೇ ಮಾತು. 2025ರ ನವೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದರು. ಅವರ ಆಟ ನೋಡುವ ಅವಕಾಶ ನಮ್ಮ ಮಕ್ಕಳಿಗೆ ಇನ್ನಿಲ್ಲ.

ಮುಂದಿನ ಟೂರ್ನಿಗೆ ನಾನು ಮಗಳನ್ನು ಕರೆದುಕೊಂಡು ಮೊದಲ ಸುತ್ತಿನ ದಿನವೇ, ಡಬಲ್ಸ್ ನೋಡಲೆಂದೇ ಹೋಗುವವನಿದ್ದೇನೆ. ಜೊತೆಗೆ ಬರುವವರು ತಿಳಿಸಿ. ಅಬುಧಾಬಿಯಿಂದ ಕಾರಿನಲ್ಲಿ ಬರುವವರು ಸ್ವಲ್ಪ ಬೇಗ ಹೊರಡಿ, ಗರ್ಹೂದಿನಲ್ಲಿ ಪಾರ್ಕಿಂಗ್ ಸಿಗುವುದು ಕಷ್ಟ.