ಪಾಲಿಕೆ ಎರಡಾದರೆ ಸಾಲದು, ಊರು ಊರಾಗಬೇಕು

1962ರಲ್ಲಿ ಒಂದೇ ಆಡಳಿತಕ್ಕೆ ಒಳಪಟ್ಟ ಹುಬ್ಬಳ್ಳಿ-ಧಾರವಾಡ ಅವಳಿ ನಗರವನ್ನು ವಿಭಜಿಸಿ, ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟವು 2025ರ ಜನವರಿಯಲ್ಲಿ ಸಮ್ಮತಿ ನೀಡಿತು. ಇದು ಧಾರವಾಡದ ನಾಗರಿಕರ ಬಹುಕಾಲದ ಬೇಡಿಕೆ. ಎಲ್ಲೆ ಎಲ್ಲಿ, ವಾರ್ಡುಗಳೆಷ್ಟು ಎಂಬ ಚರ್ಚೆ ಸಾಕಷ್ಟು ನಡೆದಿದೆ. ಊರೊಂದು ಚೆನ್ನಾಗಿ ನಡೆಯುವುದು ಯಾವುದರಿಂದ, ಅದಕ್ಕೆ ತನ್ನದೇ ಆದ ಗುಣ ಬರುವುದು ಯಾವುದರಿಂದ ಎಂಬ ಮೂಲಪ್ರಶ್ನೆಯನ್ನು ಸದ್ಭಕ್ತರ ಮುಂದಿಡಲು ನಾವು ಬಯಸುತ್ತೇವೆ.

ಸುಮಾರು 20 ಕಿಲೋಮೀಟರ್ ಅಂತರದ ಈ ಎರಡು ಊರುಗಳ ಸ್ವಭಾವ ಬೇರೆ ಬೇರೆ. ಹತ್ತಿಯ ವ್ಯಾಪಾರ, ರೈಲ್ವೆ ಕಾರ್ಯಾಗಾರಗಳು ಹುಬ್ಬಳ್ಳಿಯನ್ನು ಬೆಳೆಸಿದರೆ, ವಿದ್ಯೆ, ಸಾಹಿತ್ಯ, ಸಂಗೀತಗಳು ಧಾರವಾಡವನ್ನು ರೂಪಿಸಿದವು. 1883ರಲ್ಲಿ ಸಮಾಜದ ಹಿರಿಯರು ಬಡ ವಿದ್ಯಾರ್ಥಿಗಳಿಗಾಗಿ ಲಿಂಗಾಯತ ವಿದ್ಯಾನಿಧಿಯನ್ನು ಸ್ಥಾಪಿಸಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಮುರುಘಾಮಠದ ಪ್ರಸಾದ ನಿಲಯವು ಅಸಂಖ್ಯ ಮಕ್ಕಳಿಗೆ ಅನ್ನ, ಆಶ್ರಯಗಳನ್ನಿತ್ತಿತು. ಇವಾವುವೂ ನಗರಯೋಜನೆಯ ನಕ್ಷೆಯಲ್ಲಿ ಮೂಡಿದವಲ್ಲ. ಜನರು ಕೂಡಿ, ಕೊಟ್ಟು ಕಟ್ಟಿದವು. ಊರಿನ ಗುಣವೆಂಬುದು ಬರುವುದು ಹೀಗೆಯೇ.

ಆದರೆ ಗುಣವೊಂದರಿಂದಲೇ ಊರು ನಡೆಯದು. ನೀರು ಬರಬೇಕು, ಕಸ ಹೋಗಬೇಕು, ನಡೆಯಲು ದಾರಿಯಿರಬೇಕು. 2008ರ ವೇಳೆಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ಬಡಾವಣೆಗಳಲ್ಲಿ ದಿನದ 24 ಗಂಟೆಯೂ ನೀರು ಪೂರೈಸುವ ಪ್ರಾಯೋಗಿಕ ಯೋಜನೆ ಜಾರಿಗೆ ಬಂದಿತು. ಹಳೆಯ ಕೊಳವೆಗಳಿಗೆ ತೇಪೆ ಹಾಕುವ ಬದಲು ಇಡೀ ಜಾಲವನ್ನೇ ಹೊಸದಾಗಿ ಹಾಕಿ, ಮನೆಮನೆಗೂ ಮೀಟರು ಜೋಡಿಸಲಾಯಿತು. ಕೊಳವೆಯಲ್ಲಿ ಸದಾ ಒತ್ತಡವಿದ್ದರೆ ಹೊರಗಿನ ಹೊಲಸು ಒಳನುಗ್ಗುವುದು ಕಡಿಮೆ. ನೀರಿನ ಸರದಿಗಾಗಿ ತಾಯಂದಿರು ಕೂಲಿ ಬಿಟ್ಟು ಕಾಯಬೇಕಿಲ್ಲ. ಆ ಸೌಕರ್ಯ ಪಡೆದ ಬಡಾವಣೆಗೂ ಪಡೆಯದ ಬಡಾವಣೆಗೂ ನಡುವಣ ಅಂತರವು ಒಂದೇ ಪಾಲಿಕೆಯೊಳಗಣ ಅಂತರವೆಂಬುದನ್ನು ಮರೆಯಲಾಗದು. ಗಡಿ ಬದಲಾದ ಮಾತ್ರಕ್ಕೆ ಅದು ಅಳಿಯದು.

ಹಣದ ಪ್ರಶ್ನೆಯೂ ಇದೆ. ಪಾಲಿಕೆಯ ಸ್ವಂತ ಆದಾಯದ ಆಧಾರ ಆಸ್ತಿ ತೆರಿಗೆ. ಧಾರವಾಡದಲ್ಲಿ ವಿಶ್ವವಿದ್ಯಾಲಯಗಳು, ಸರ್ಕಾರಿ ಕಚೇರಿಗಳು, ಶಾಲೆಗಳು ಹೆಚ್ಚು. ವಾಣಿಜ್ಯದ ಬಲವಿರುವುದು ಹುಬ್ಬಳ್ಳಿಗೆ. ವಿದ್ಯಾಸಂಸ್ಥೆಗಳಿಗೂ ಪೂಜಾಸ್ಥಳಗಳಿಗೂ ಕಾನೂನು ತೆರಿಗೆ ವಿನಾಯಿತಿ ನೀಡಿದೆ. ಧಾರವಾಡಕ್ಕೆ ಹಿರಿಮೆ ತಂದ ಸಂಸ್ಥೆಗಳೇ ಅದರ ಬೊಕ್ಕಸಕ್ಕೆ ಕಡಿಮೆ ಕೊಡುವವು ಎಂಬುದು ಕಹಿಯಾದರೂ ಸತ್ಯ. ಮಠಗಳೂ ಈ ವಿನಾಯಿತಿಯಿಂದ ಹೊರತಲ್ಲ. ಆದುದರಿಂದ ತೆರಿಗೆಯ ರೂಪದಲ್ಲಿ ಸಲ್ಲದುದನ್ನು ದಾಸೋಹದ ರೂಪದಲ್ಲಿ ಊರಿಗೆ ಸಲ್ಲಿಸುವುದು ನಮ್ಮೆಲ್ಲರ ಧರ್ಮವಾಗಿದೆ. ಮಳೆನೀರಿನ ಸಂಗ್ರಹ, ನಮ್ಮ ಆವರಣದ ಕಸದ ವಿಲೇವಾರಿ, ಓಣಿಯ ಮಕ್ಕಳಿಗೆ ವಾಚನಾಲಯ: ಇವು ನಮ್ಮಿಂದಲೇ ಆರಂಭವಾಗಬೇಕು.

ಕಲ್ಯಾಣದ ಅನುಭವ ಮಂಟಪದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಬಟ್ಟೆ ಮಡಿಮಾಡುವ ಮಾಚಯ್ಯನೂ ಸಮಾನ ಆಸನದಲ್ಲಿ ಕುಳಿತರು. ಅಂಗಳ ಗುಡಿಸುವ ಕಾಯಕದ ಸತ್ಯಕ್ಕನನ್ನು ಶರಣರು ಗೌರವದಿಂದ ಕಂಡರು. ಇಂದು ಬೆಳಗಿನ ಜಾವದಲ್ಲಿ ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರ ಮಾತಿಗೆ ಊರಿನ ಸಭೆಯಲ್ಲಿ ಯಾವ ಸ್ಥಾನವಿದೆ? ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 74ನೆಯ ತಿದ್ದುಪಡಿ ವಿಧಿಸಿದೆ. ಆ ಸಮಿತಿಗಳು ಕಾಗದದಲ್ಲಿ ಉಳಿಯುವುದೋ, ಓಣಿಯ ಅನುಭವ ಮಂಟಪಗಳಾಗುವುದೋ ಎಂಬುದು ನಾಗರಿಕರ ಕೈಯಲ್ಲಿದೆ.

ಹೊಸ ಪಾಲಿಕೆಯಿಂದ ಅಧಿಕಾರ ಹತ್ತಿರವಾಗಬಹುದು. ಆದರೆ ಹತ್ತಿರ ಬಂದ ಅಧಿಕಾರವನ್ನು ಪ್ರಶ್ನಿಸುವ, ಅದರೊಡನೆ ದುಡಿಯುವ ಜನರಿಲ್ಲದಿದ್ದರೆ ಒಂದು ಕಚೇರಿಯ ಬದಲು ಎರಡು ಕಚೇರಿಗಳಾದಾವು, ಅಷ್ಟೇ. ಭಕ್ತರು ತಮ್ಮ ವಾರ್ಡಿನ ಸಭೆಗೆ ತಪ್ಪದೆ ಹೋಗಬೇಕು. ಲೆಕ್ಕ ಕೇಳಬೇಕು, ಕೈಲಾದುದನ್ನು ಕೊಡಬೇಕು. ಇದೂ ಕಾಯಕವೇ, ಇದೂ ದಾಸೋಹವೇ.