ಕೇಳುವ ಓದು: ಆಡಿಯೋ ಪುಸ್ತಕ ಮತ್ತು ಕಾಣೆಯಾದ ವ್ಯಾಖ್ಯಾನಕಾರ

ಸ್ನಾತಕೋತ್ತರ ಕನ್ನಡದ ವಿದ್ಯಾರ್ಥಿಯೊಬ್ಬ ಬಸ್ಸಿನಲ್ಲಿ ಓಡಾಡುತ್ತ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಾದಂಬರಿಯೊಂದನ್ನು ವಾರದೊಳಗೆ ಕೇಳಿ ಮುಗಿಸಿ, ತರಗತಿಯಲ್ಲಿ ಅದನ್ನು ‘ಓದಿದ್ದೇನೆ’ ಎಂದನೆನ್ನಿ. ಅಧ್ಯಾಪಕರ ಮುಖದಲ್ಲಿ ಸಣ್ಣದೊಂದು ಅಸಮ್ಮತಿ ಮೂಡದೆ ಇರದು. ಕೇಳಿದ್ದು ಓದಿದಂತಾಗುವುದಿಲ್ಲ ಎಂಬ ನಂಬಿಕೆ ಸಾಹಿತ್ಯ ವಿಭಾಗಗಳಲ್ಲಿ ಬಲವಾಗಿದೆ. ಅದಕ್ಕೆ ಕಾರಣಗಳೂ ಇಲ್ಲದಿಲ್ಲ. ಕೇಳಿದ ಪುಸ್ತಕಕ್ಕೆ ಪುಟಸಂಖ್ಯೆ ಕೊಡಲಾಗದು. ಅಂಚಿನಲ್ಲಿ ಗುರುತು ಹಾಕಲಾಗದು. ಕೇಳುತ್ತಿರುವಂತೆಯೇ ಮನಸ್ಸು ಬೇರೆಡೆಗೆ ಹೋದರೆ ಮಾತು ಕಾಯದೆ ಮುಂದೆ ಸಾಗಿಬಿಡುತ್ತದೆ. ಇವೆಲ್ಲ ನಿಜವಾದ ತೊಡಕುಗಳು. ಆದರೆ ಈ ತೊಡಕುಗಳಿಂದ ಕಿವಿಯ ಓದು ಕಣ್ಣಿನ ಓದಿಗಿಂತ ಕೀಳು ಎಂಬ ತೀರ್ಮಾನಕ್ಕೆ ಬರುವುದು, ಅದರಲ್ಲಿಯೂ ಹಳಗನ್ನಡವನ್ನು ಅಧ್ಯಯನ ಮಾಡುವವರು ಬರುವುದು, ವಿಚಿತ್ರವೇ ಸರಿ.

ಗೃಹಸ್ಥ ಜೈನನಿಗೆ ‘ಶ್ರಾವಕ’ ಎಂದು ಹೆಸರು. ಕೇಳುವವನು ಎಂಬುದು ಆ ಪದದ ಅರ್ಥ. ಆಗಮಕ್ಕೆ ‘ಶ್ರುತ’ ಎಂದು ಹೆಸರು, ಕೇಳಿದ್ದು ಎಂದರ್ಥ. ಗಿರಿನಗರದ ಗುಹೆಯಲ್ಲಿದ್ದ ಧರಸೇನಾಚಾರ್ಯರು ಪುಷ್ಪದಂತ, ಭೂತಬಲಿಗಳೆಂಬ ಇಬ್ಬರು ಮುನಿಗಳಿಗೆ ಬಾಯಿಂದ ಕಿವಿಗೆ ಒಪ್ಪಿಸಿದ ಜ್ಞಾನವು ಬಳಿಕ ಷಟ್ಖಂಡಾಗಮವಾಗಿ ಬರಹಕ್ಕೆ ಇಳಿಯಿತೆಂಬುದು ದಿಗಂಬರ ಪರಂಪರೆಯ ನಂಬಿಕೆ. ಆ ಬರಹ ಪೂರ್ಣಗೊಂಡ ದಿನವೆಂದು ಜ್ಯೇಷ್ಠ ಶುದ್ಧ ಪಂಚಮಿಯನ್ನು ಆಚರಿಸುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, ಬರಹಕ್ಕೆ ಇಳಿದ ದಿನವನ್ನು ಆಚರಿಸುವಾಗಲೂ ಅದಕ್ಕಿಟ್ಟ ಹೆಸರು ‘ಶ್ರುತಪಂಚಮಿ’. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದ ಸಂಗತಿಯನ್ನು ಸಾಹಿತ್ಯಚರಿತ್ರೆಗಳು ಪುಸ್ತಕಪ್ರಸಾರದ ಸಾಹಸವೆಂದು ಕೊಂಡಾಡುತ್ತವೆ. ಓದುಬರಹ ಬಲ್ಲವರು ವಿರಳರಾಗಿದ್ದ ಆ ಕಾಲದಲ್ಲಿ ಅಷ್ಟೂ ಓಲೆಕಟ್ಟುಗಳನ್ನು ಒಬ್ಬೊಬ್ಬರೇ ಕುಳಿತು ಮೌನವಾಗಿ ಓದಿಕೊಂಡರೆಂದು ಊಹಿಸುವುದು ಕಷ್ಟ. ಒಂದೊಂದು ಪ್ರತಿಯ ಎದುರಿಗೆ ಓದುವವನೊಬ್ಬ, ಸುತ್ತ ಕೇಳುವವರ ಗುಂಪು ಇದ್ದಿರಬೇಕೆಂಬುದೇ ಹೆಚ್ಚು ಸಹಜವಾದ ಊಹೆ.

ಯಂತ್ರದ ಮೂಲಕ ಕೇಳುವ ಪುಸ್ತಕದ ಇತಿಹಾಸವಾದರೋ ಚಿಕ್ಕದು. 1877ರಲ್ಲಿ ಫೋನೋಗ್ರಾಫನ್ನು ರೂಪಿಸಿದ ಎಡಿಸನ್, ಮರುವರ್ಷ ಬರೆದ ಲೇಖನದಲ್ಲಿ ಅದರ ಮುಂದಿನ ಉಪಯೋಗಗಳನ್ನು ಹೆಸರಿಸುವಾಗ ಅಂಧರಿಗಾಗಿ ಮಾತನಾಡುವ ಪುಸ್ತಕಗಳನ್ನೂ ಸೇರಿಸಿದ್ದನು. ಅದು ಕೈಗೂಡಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಬ್ರಿಟನ್ನಿನಲ್ಲಿ, ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರನ್ನು ಮುಖ್ಯವಾಗಿ ನೆನೆದು, 1935ರಲ್ಲಿ ಇಂತಹ ಪುಸ್ತಕಗಳು ಹೊರಬಂದವು. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 25 ನಿಮಿಷಗಳ ಓದು ಹಿಡಿಯುತ್ತಿದ್ದುದರಿಂದ ಒಂದು ಕಾದಂಬರಿಗೆ ತಟ್ಟೆಗಳ ಪೆಟ್ಟಿಗೆಯೇ ಬೇಕಾಗುತ್ತಿತ್ತು. ಈಗ ಒಂದು ಮೊಬೈಲಿನಲ್ಲಿ ಒಂದು ಗ್ರಂಥಾಲಯ ಹಿಡಿಯುತ್ತದೆ. ಕನ್ನಡದ ಕಥೆ, ಕಾದಂಬರಿಗಳೂ ಆಡಿಯೋ ರೂಪದಲ್ಲಿ ಬರುತ್ತಿವೆ. ಪ್ರಾದೇಶಿಕ ಭಾಷಾಪ್ರಭೇದಗಳಲ್ಲಿ ಬರೆದ ಕೃತಿಗಳಿಗಂತೂ ಇದರಿಂದ ದೊಡ್ಡ ಉಪಕಾರವಾಗಿದೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಪುಟದಲ್ಲಿ ಕಂಡು ಎಡವುವ ಉತ್ತರ ಕರ್ನಾಟಕದ ವಿದ್ಯಾರ್ಥಿ, ನಂಜನಗೂಡಿನ ಸೀಮೆಯ ಬಾಯಿಂದ ಅದನ್ನು ಕೇಳಿದರೆ ಅರೆವಾಸಿ ಕಷ್ಟ ಕಡಮೆಯಾಗುತ್ತದೆ. ಬರಹದಲ್ಲಿ ಕಗ್ಗಂಟಾಗಿ ಕಂಡ ವಾಕ್ಯ ಉಸಿರಿನ ಏರಿಳಿತದಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕೇಳುವುದರ ಸುಖವೇನು, ಅದರ ಅಪಾಯವೇನು ಎಂಬುದನ್ನು ಹಳಗನ್ನಡದ ಎರಡು ಕೃತಿಗಳು ಯಾವ ಮಾಧ್ಯಮಶಾಸ್ತ್ರಕ್ಕೂ ಕಡಮೆಯಿಲ್ಲದಂತೆ ಕಾಣಿಸಿವೆ. ವಡ್ಡಾರಾಧನೆಯ ಮೊದಲ ಕಥೆ ಸುಕುಮಾರಸ್ವಾಮಿಯದು. ಮಗನು ಮುನಿಯನ್ನು ಕಂಡೊಡನೆ ತಪಸ್ಸಿಗೆ ಹೋಗುವನೆಂಬ ಭವಿಷ್ಯವನ್ನು ಕೇಳಿ ಹೆದರಿದ ತಾಯಿ, ಮುನಿಗಳು ಮನೆಯೊಳಗೆ ಬಾರದಂತೆ ಕಟ್ಟುನಿಟ್ಟು ಮಾಡುತ್ತಾಳೆ. ಕಣ್ಣಿಗೆ ಕಾವಲು ಹಾಕಿದವಳು ಕಿವಿಯನ್ನು ಮರೆತಳು. ಸಮೀಪದಲ್ಲಿದ್ದ ಮುನಿ ರಾತ್ರಿಯಲ್ಲಿ ಪಠಿಸುತ್ತಿದ್ದ ಪ್ರಜ್ಞಪ್ತಿ ಮೇಲ್ಮಾಡದಲ್ಲಿದ್ದ ಸುಕುಮಾರನಿಗೆ ಕೇಳಿಸುತ್ತದೆ. ಹಿಂದಿನ ಜನ್ಮದ ನೆನಪು ಮರಳುತ್ತದೆ. ಅವನು ಮನೆಯನ್ನು ಬಿಟ್ಟು ಇಳಿದು ಹೋಗುತ್ತಾನೆ. ಜನ್ನನ ಯಶೋಧರಚರಿತೆಯಲ್ಲಿ (1209) ಅರಸಿ ಅಮೃತಮತಿಯೂ ರಾತ್ರಿಯಲ್ಲಿ ಕೇಳುತ್ತಾಳೆ. ಗಜಶಾಲೆಯ ಮಾವತಿಗನ ಹಾಡು ಅವಳ ಕಿವಿಗೆ ಬೀಳುತ್ತದೆ. ಅವನು ಹೇಗಿದ್ದಾನೆಂದು ತಿಳಿಯುವ ಮೊದಲೇ ಮನಸ್ಸು ಅವನದಾಗಿರುತ್ತದೆ. ನೋಡಿಬಂದ ಸಖಿ ಅವನ ಕುರೂಪವನ್ನು ಅಂಗಾಂಗವಾಗಿ ಬಣ್ಣಿಸಿದರೂ ಪ್ರಯೋಜನವಾಗುವುದಿಲ್ಲ. ಎರಡು ಕಡೆಗಳಲ್ಲಿಯೂ ಇರುಳು, ಮರೆಯಲ್ಲಿರುವ ಬಾಯಿ, ಎಚ್ಚರವಾಗಿರುವ ಕಿವಿ. ಸುಕುಮಾರನಿಗೆ ಧ್ವನಿಯ ಜೊತೆಗೆ ಅರ್ಥ ತಲುಪಿತು. ಅಮೃತಮತಿಗೆ ಧ್ವನಿಯೇ ಸಾಕಾಯಿತು.

ಇಂದಿನ ಆಡಿಯೋ ಪುಸ್ತಕಗಳನ್ನು ಕುರಿತ ಮುಖ್ಯ ಪ್ರಶ್ನೆ ಇಲ್ಲಿಯೇ ಇದೆ. ಇಂಪಾದ ಕಂಠ, ಹಿನ್ನೆಲೆಯಲ್ಲಿ ಕೊಳಲು, ನಾಟಕೀಯವಾದ ಬಿಕ್ಕು, ನಿಟ್ಟುಸಿರು: ಇವುಗಳಿಂದ ಕೇಳುಗನು ಕೃತಿಯನ್ನು ಮೆಚ್ಚಿದನೋ ಕಂಠವನ್ನು ಮೆಚ್ಚಿದನೋ ಹೇಳುವುದು ಕಷ್ಟವಾಗುತ್ತದೆ. ಹೊಸಗನ್ನಡದ ಗದ್ಯ ಇದನ್ನು ಹೇಗೋ ತಾಳಿಕೊಳ್ಳಬಲ್ಲದು. ಹಳಗನ್ನಡ ಕಾವ್ಯ ತಾಳಿಕೊಳ್ಳಲಾರದು.

ಹಳಗನ್ನಡಕ್ಕೆ ಓದುವ ಧ್ವನಿ ಎಷ್ಟು ಅಗತ್ಯವೆಂಬುದಕ್ಕೆ ಶಿಥಿಲದ್ವಿತ್ವವೊಂದೇ ಸಾಕು. ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂಬುದು ಛಂದಸ್ಸಿನ ಸಾಮಾನ್ಯ ನಿಯಮ. ಆದರೆ ‘ಅಮರ್ದು’, ‘ಅಗಲ್ದು’ ಮುಂತಾದ ಪದಗಳಲ್ಲಿ ಒತ್ತಕ್ಷರವನ್ನು ತೇಲಿಸಿ ಉಚ್ಚರಿಸಿದಾಗ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇದನ್ನು ಚರ್ಚಿಸಿದ್ದಾನೆ. ಮುದ್ರಿತ ಪುಟದಲ್ಲಿ ಎರಡಕ್ಕೂ ಒಂದೇ ರೂಪ, ಭೇದವಿರುವುದು ನಾಲಗೆಯಲ್ಲಿ. ಪ್ರಸ್ತಾರ ಹಾಕಿ ಲೆಕ್ಕ ತಪ್ಪಿದಾಗ ಪಾಠವೇ ಅಶುದ್ಧವೆಂದು ಸಂಶಯಪಡುವ ವಿದ್ಯಾರ್ಥಿಗೆ, ಪದ್ಯವನ್ನು ಸರಿಯಾಗಿ ಓದಿದ ಧ್ವನಿಯೊಂದು ಸಿಕ್ಕಿದ್ದರೆ ಆ ಸಂಶಯ ಹುಟ್ಟುತ್ತಲೇ ಇರಲಿಲ್ಲ. ಚಂಪೂಕಾವ್ಯಗಳ ವೃತ್ತಗಳಲ್ಲಿ ಸಂಧಿಯಾಗಿ ಹೆಣೆದುಕೊಂಡ ಪದಗಳನ್ನು ಎಲ್ಲಿ ಬಿಡಿಸಬೇಕು, 21 ಅಕ್ಷರಗಳ ಚಂಪಕಮಾಲೆಯಲ್ಲಿ ಉಸಿರನ್ನು ಎಲ್ಲಿ ನಿಲ್ಲಿಸಬೇಕು, ಭಾಮಿನಿಯ ಮೂರು ನಾಲ್ಕು ಮಾತ್ರೆಗಳ ನಡೆಗೂ ವಾರ್ಧಕದ ಐದೈದು ಮಾತ್ರೆಗಳ ನಡೆಗೂ ಮನಸ್ಸಿನ ಮೇಲೆ ಆಗುವ ಪರಿಣಾಮದಲ್ಲಿ ಏನು ವ್ಯತ್ಯಾಸ, ಇವೆಲ್ಲ ಕಿವಿಯ ಪಾಠಗಳು. ಪಂಪನನ್ನು ಕುರಿತು ಇಪ್ಪತ್ತು ಪುಟ ಬರೆಯಬಲ್ಲ ಸ್ನಾತಕೋತ್ತರ ವಿದ್ಯಾರ್ಥಿ ಪಂಪನ ಒಂದು ವೃತ್ತವನ್ನು ತಡವರಿಸದೆ ಗಟ್ಟಿಯಾಗಿ ಓದಲಾರನೆಂಬುದು ವಿಭಾಗಗಳೊಳಗೆ ಎಲ್ಲರಿಗೂ ಗೊತ್ತು, ಆದರೆ ಯಾರೂ ಹೇಳುವುದಿಲ್ಲ. (ಶಬ್ದವನ್ನು ದ್ರವ್ಯವೆಂದು ತಿಳಿದು ಅದರ ಬಣ್ಣ ಬಿಳಿಯೆಂದ ಕೇಶಿರಾಜ, ಅದನ್ನು ಹಿಡಿದಿಡುವ ಯಂತ್ರವನ್ನು ಕಂಡಿದ್ದರೆ ಹೆಚ್ಚು ಆಶ್ಚರ್ಯಪಡುತ್ತಿರಲಿಲ್ಲವೇನೋ.)

ಕನ್ನಡದಲ್ಲಿ ಈ ಕೆಲಸಕ್ಕೆ ಸಿದ್ಧವಾದ ಕಲೆಯೊಂದು ಇದೆ. ಗಮಕಿಯು ರಾಗವನ್ನು ಬಳಸುತ್ತಾನೆ, ಆದರೆ ತಾಳಕ್ಕೆ ಕಟ್ಟುಬೀಳುವುದಿಲ್ಲ. ಪದವನ್ನು ರಾಗಕ್ಕಾಗಿ ಮುರಿಯದೆ ಅರ್ಥಕ್ಕಾಗಿ ಬಿಡಿಸುತ್ತಾನೆ. ಮಳೆ ಬಾರದಿದ್ದಾಗ ವಿರಾಟಪರ್ವವನ್ನು ಓದಿಸುತ್ತಿದ್ದ ಊರುಗಳಲ್ಲಿ ಅಕ್ಷರ ಬಾರದವರೂ ಕುಮಾರವ್ಯಾಸನನ್ನು ಬಲ್ಲವರಾಗಿದ್ದರು. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದದ್ದು ಈ ಪರಂಪರೆಗೆ ತಡವಾಗಿ ದೊರೆತ ಮನ್ನಣೆ. ಆದರೆ ಗಮಕದ ಪ್ರಶಂಸೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಸಂಗತಿಯೊಂದಿದೆ. ಆ ವೇದಿಕೆಯ ಮೇಲೆ ಇಬ್ಬರು ಕುಳಿತಿರುತ್ತಾರೆ. ಒಬ್ಬರು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ವ್ಯಾಖ್ಯಾನಕಾರ ಪದ್ಯವನ್ನು ತಡೆದು ನಿಲ್ಲಿಸುತ್ತಾನೆ, ಹಿಂದಿನ ಸಂದರ್ಭವನ್ನು ನೆನಪಿಸುತ್ತಾನೆ, ಎದುರಿಗೆ ಕುಳಿತವರ ಮುಖ ನೋಡಿ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳುತ್ತಾನೆ. ಮಾತು ಕಾಯದೆ ಸಾಗಿಬಿಡುತ್ತದೆ ಎಂಬ ಆಕ್ಷೇಪಕ್ಕೆ ಆ ಎರಡನೆಯ ವ್ಯಕ್ತಿಯೇ ಉತ್ತರ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಸ್ವಾಧ್ಯಾಯದಲ್ಲಿ ಐದು ಬಗೆಗಳನ್ನು ಹೇಳುತ್ತದೆ. ಗ್ರಂಥವನ್ನು ಓದಿ ಒಪ್ಪಿಸುವುದು ವಾಚನಾ. ಸಂಶಯವನ್ನು ಕೇಳಿ ಪರಿಹರಿಸಿಕೊಳ್ಳುವುದು ಪೃಚ್ಛನಾ. ಮನಸ್ಸಿನಲ್ಲಿ ಮತ್ತೆ ಮತ್ತೆ ಚಿಂತಿಸುವುದು ಅನುಪ್ರೇಕ್ಷಾ. ಉಚ್ಚಾರ ಶುದ್ಧವಾಗುವಂತೆ ಪುನರಾವರ್ತಿಸುವುದು ಆಮ್ನಾಯ. ಇತರರಿಗೆ ತಿಳಿಸುವುದು ಧರ್ಮೋಪದೇಶ. ಆಡಿಯೋ ಪುಸ್ತಕವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಾರದು. ವಾಚನೆಯನ್ನು ಅದು ಚೆನ್ನಾಗಿ ಮಾಡಬಲ್ಲದು. ಆಮ್ನಾಯದಲ್ಲಿ ಅದು ಗುರುವಿಗಿಂತ ತಾಳ್ಮೆಯುಳ್ಳದ್ದು, ನೂರು ಸಲ ಕೇಳಿದರೂ ಬೇಸರಿಸದು. ಅನುಪ್ರೇಕ್ಷೆಗೆ ಬಿಡುವು ಬೇಕು. ಆ ಬಿಡುವನ್ನು ಕೇಳುಗನೇ ಮಾಡಿಕೊಳ್ಳಬೇಕು. ವಾಚನದ ವೇಗವನ್ನು ಒಂದೂವರೆ ಪಟ್ಟು ಹೆಚ್ಚಿಸಿ ಕರ್ಣಪರ್ವವನ್ನು ಪರೀಕ್ಷೆಗೆ ಮುಂಚೆ ಮುಗಿಸಿಬಿಡುವ ವಿದ್ಯಾರ್ಥಿಗೆ ಯಾರೂ ಅದನ್ನು ಮಾಡಿಕೊಡಲಾರರು. ಪೃಚ್ಛನೆಯಲ್ಲಿ ಮಾತ್ರ ಈ ಪುಸ್ತಕ ಪೂರ್ತಿ ಮೂಕ.

ಆದ್ದರಿಂದ ಹಳಗನ್ನಡ, ನಡುಗನ್ನಡ ಕೃತಿಗಳನ್ನು ಧ್ವನಿಗೆ ಇಳಿಸುವವರು ಒಂದೇ ಕಂಠಕ್ಕೆ ತೃಪ್ತರಾಗಬಾರದು. ವಾಚಕನ ಜೊತೆಗೆ ವ್ಯಾಖ್ಯಾನಕಾರನನ್ನೂ ಕೂರಿಸಬೇಕು. ಕೇಳುಗನ ಮನಸ್ಸಿನಲ್ಲಿ ಏಳಬಹುದಾದ ಸಂಶಯವನ್ನು ಊಹಿಸಿ, ಅವನ ಪರವಾಗಿ ತಾನೇ ಕೇಳಬಲ್ಲವನು ಅವನು. ಕೇವಲ ಪದ್ಯ ಬೇಕೆನ್ನುವ ಸಂಶೋಧಕನಿಗೆ ವ್ಯಾಖ್ಯಾನವಿಲ್ಲದ ಇನ್ನೊಂದು ಧ್ವನಿಮುದ್ರಣವಿರಲಿ. ಯಾವ ಸಂಪಾದಕರ ಪಾಠವನ್ನು ಓದಲಾಗಿದೆ ಎಂಬುದನ್ನು ಆರಂಭದಲ್ಲಿಯೇ ಹೇಳಲಿ; ಪಾಠಾಂತರವಿರುವ ಕಡೆ ಓದು ಯಾವುದನ್ನು ಆರಿಸಿಕೊಂಡಿತೆಂದು ತಿಳಿಯದಿದ್ದರೆ ಆ ಧ್ವನಿ ಅಧ್ಯಯನಕ್ಕೆ ಒದಗದು. ಯಂತ್ರವೇ ಓದುವ ಕಂಠಗಳು ಈಗ ಅಗ್ಗವಾಗಿ ದೊರೆಯುತ್ತಿವೆ. ದಿನಪತ್ರಿಕೆಯ ವರದಿಗೆ, ಅಂಧ ವಿದ್ಯಾರ್ಥಿಗೆ ತುರ್ತಾಗಿ ಬೇಕಾದ ಟಿಪ್ಪಣಿಗೆ ಅವು ಸಾಕು, ಅವಶ್ಯವೂ ಹೌದು. ಬರಹದಲ್ಲಿ ಗುರುತೇ ಇಲ್ಲದ ಶಿಥಿಲವನ್ನು ಬರಹವನ್ನಷ್ಟೇ ನೋಡಿ ಓದುವ ಯಂತ್ರ ಹೇಗೆ ಗುರುತಿಸೀತು?

ವಡ್ಡಾರಾಧನೆಯ 19 ಕಥೆಗಳಿಂದ ಆರಂಭಿಸುವುದು ಸೂಕ್ತ. ಗದ್ಯವಾದುದರಿಂದ ಛಂದಸ್ಸಿನ ತೊಡಕಿಲ್ಲ. ವಾಕ್ಯಗಳು ಹೇಳುವ ಬಾಯಿಗೆ ಒಗ್ಗಿದವು. ಅಷ್ಟೇ ಅಲ್ಲ, ವಾಚನ ಮತ್ತು ವ್ಯಾಖ್ಯಾನಗಳ ಜೋಡಿ ಆ ಕೃತಿಯ ರಚನೆಯಲ್ಲಿಯೇ ಇದೆ: ಮೊದಲು ಪ್ರಾಕೃತದ ಗಾಹೆ, ಬಳಿಕ ಅದರ ಪದಪದಕ್ಕೂ ಕನ್ನಡದಲ್ಲಿ ಅರ್ಥ, ಆಮೇಲೆ ಕಥೆ. ಕಥೆಯನ್ನು ಓದಬಲ್ಲ ಒಳ್ಳೆಯ ಕಂಠಗಳು ಹತ್ತಾರು ದೊರೆತಾವು. ಗಾಹೆಯನ್ನು ಅದರ ಮಾತ್ರೆ ಕೆಡದಂತೆ, ಅರ್ಥ ತಿಳಿದು ಉಚ್ಚರಿಸಬಲ್ಲವರು ಕರ್ನಾಟಕದಲ್ಲಿ ಈಗ ಕೆಲವರೇ ಉಳಿದಿದ್ದಾರೆ, ಅವರಲ್ಲಿ ಹೆಚ್ಚಿನವರು ವಯೋವೃದ್ಧರು. ಧ್ವನಿಮುದ್ರಣದ ಕೆಲಸ ಅವರಿಂದ ಮೊದಲಾಗಬೇಕು.